ನಮ್ಮ ತಿರುವಿನ ಹುರುಳಿ ಹೊಟ್ಟು

ಹುರುಳಿ ಒಕ್ಕುವ ದಿನಗಳು ಬಂದವೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯ ಮೇಲೇ ನಮ್ಮೂರು. ಹೊಲದಲ್ಲಿ ಕಣ ಮಾಡಿ ಸಗಣಿ ಸಾರಿಸುವ ಕಾಲ ಹೋಯಿತು. ಈಗ ಕಿತ್ತ ಗಿಡವನ್ನೆಲ್ಲ ತಂದು ಟಾರಿನ ಮೇಲೆ ಹರವಿಬಿಟ್ಟರಾಯಿತು, ಬಸ್ಸು ಲಾರಿಗಳು ಹತ್ತಿ ಹೋಗಿ ಪುಕ್ಕಟೆ ಒಕ್ಕಣೆ. ಸಂಜೆ ಕಾಳನ್ನು ಒಂದೂ ಬಿಡದಂತೆ ಬಳಿದುಕೊಂಡು ಮನೆಗೆ ಹೊರುತ್ತಾರೆ. ಹೊಟ್ಟು, ಕಡ್ಡಿ, ಮಣ್ಣು ಮಾತ್ರ ರಸ್ತೆಗೇ ಬಿಟ್ಟದ್ದು. ಆ ಧೂಳು ನಮ್ಮ ಅಡುಗೆಮನೆ ಪಾತ್ರೆಯೊಳಗೆ, ಮಕ್ಕಳ ಮೂಗಿನೊಳಗೆ. ಉಳಿದದ್ದು ಚರಂಡಿಗೆ ಬಿದ್ದು ಕೊಳೆತು ಊರಿಗೆಲ್ಲ ಸೊಳ್ಳೆ ಸಾಕುತ್ತದೆ. ಕಾಳಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ, ಥೂ!

ಊರವರನ್ನು ಬೈದರೇನು ಬಂತು? ಎಲ್ಲರಿಗಿಂತ ಹೆಚ್ಚು ಹರವುತ್ತಿದ್ದವನು ನನ್ನ ಒಡಹುಟ್ಟಿದ ಅಣ್ಣ. ಅದೂ ನಮ್ಮ ಮನೆ ಮುಂದಿನ ತಿರುವಿನಲ್ಲೇ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟಿದ್ದೆ. ನಂಜನಗೂಡಿನ ಶಾಲೆಯೊಂದರಲ್ಲಿ ಅವಳು ಟೀಚರ್. ಆ ತಿರುವಿನಲ್ಲೇ, ಇಬ್ಬನಿಗೆ ನೆಂದಿದ್ದ ಅಣ್ಣನ ಹೊಟ್ಟಿನ ಮೇಲೆ ಚಕ್ರ ಜಾರಿತು. ನನಗೆ ಮೊಣಕೈ ತರಚಿತು. ಅವಳ ಮಂಡಿಚಿಪ್ಪು ಒಡೆಯಿತು.

ಆಸ್ಪತ್ರೆಗೆ ಅಣ್ಣನೂ ಬಂದ. "ಲೇ, ಪೊಲೀಸ್ ಕೇಸಾಯ್ತದೆ ಕಣ್ಲಾ, ಡಾಕ್ಟ್ರಿಗೆ ನೋಡ್ಕೊಂಡ್ ಏಳು," ಎಂದು ದಾರಿಯಲ್ಲೇ ನನ್ನ ಕಿವಿಯಲ್ಲಿ ಊದಿದ್ದ. ಹೇಗೆ ಬಿದ್ದಿರಿ ಎಂದು ಡಾಕ್ಟರು ಕೇಳಿದರು. ಊರಿಗೆಲ್ಲ ನ್ಯಾಯ ಹೇಳುವ ಬಾಯಿಬಡುಕ ನಾನು, "ನಾಯಿ ಅಡ್ಡ ಬಂತು ಸಾ," ಎಂದೆ. ಸ್ಟ್ರೆಚರಿನ ಮೇಲಿದ್ದ ಹೆಂಡತಿ ನನ್ನ ಮುಖವನ್ನೇ ನೋಡಿದಳು.

ಮರುವರ್ಷ ಅದೇ ತಿರುವಿನಲ್ಲಿ ಅಣ್ಣ ಮತ್ತೆ ಹರವಿದ. ನಾನು ಉರಿದುಬಿದ್ದೆ.

"ಕಾಳು ಬಳ್ಕೊಂಡ್ ಮ್ಯಾಲೆ ರಸ್ತೆನೂ ಗುಡ್ಸು. ಅರ್ಧ ಗಂಟೆ ಕೆಲ್ಸ. ಇನ್ನೊಬ್ರ ಕಾಲು ಮುರೀಬೇಕಾ ನಿಂಗೆ?"

"ನನ್ ಉಳ್ಳಿಯಿಂದ ಯಾರ್ ಕಾಲ್ಲಾ ಮುರ್ದೋಗಿರೋದು?" ಎದುರಿನ ಟೀ ಅಂಗಡಿಗೆಲ್ಲ ಕೇಳುವಂತೆ ಅರಚಿದ. "ಡಾಕ್ಟ್ರ ಮುಂದೆ ನಾಯಿ ಅಂದೋನು ನೀನೇ ಅಲ್ವೇನ್ಲಾ? ಓಗು, ಆ ನಾಯಿಗೇ ಏಳು!"

ಟೀ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಮ್ಮ ಬಾಗಿಲಲ್ಲಿ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. "ಇವತ್ತಾದ್ರೂ ಹೇಳಿ," ಎಂದಳು. ನಾಚಿಕೆಯಿಂದ ಸತ್ತೇ ಹೋದೆ ಎನಿಸಿತು.

"ನಾಯಿನೂ ಇರ್ಲಿಲ್ಲ, ಗೀಯಿನೂ ಇರ್ಲಿಲ್ಲ. ನಾನು ಹೇಳಿದ್ದು ಸುಳ್ಳು. ಜಾರಿದ್ದು ಇವನ ಹೊಟ್ಟಿನ ಮ್ಯಾಲೆ," ಎಂದು ಕೂಗಿದೆ. ಅಣ್ಣ ಟವೆಲ್ಲು ಒದರಿಕೊಂಡು ಹೊರಟುಹೋದ. ಇಂದಿಗೂ ನಮ್ಮಿಬ್ಬರಲ್ಲಿ ಮಾತಿಲ್ಲ. ಹಾಳಾಗಿ ಹೋಗಲಿ.

ಈಗ ಒಕ್ಕಣೆ ಮುಗಿಯುವವರೆಗೆ ಆ ತಿರುವನ್ನು ಸಂಜೆ ನಾನೇ ಗುಡಿಸಿ ಕಸವನ್ನು ತಿಪ್ಪೆಗೆ ಹಾಕುತ್ತೇನೆ. ಆಮೇಲೆ ಅಲ್ಲಿ ಯಾರೂ ಬಿದ್ದಿಲ್ಲ. ಚರಂಡಿಯೂ ಕಟ್ಟಿಕೊಳ್ಳದೆ ಹರಿಯುತ್ತಿದೆ.

ಹೆಂಡತಿ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಾಳೆ. "ರಸ್ತೆ ಈಗ ಚೆನ್ನಾಗದೆ, ಬೈಕಲ್ಲಿ ಬಿಡ್ತೀನಿ ಬಾ," ಎಂದೆ ಮೊನ್ನೆ.

"ರಸ್ತೆ ಚೆನ್ನಾಗಿದೆ ಅಂತ ನಂಗೂ ಗೊತ್ತು ಕಣ್ರೀ," ಎಂದು ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟಾಪಿನ ಕಡೆಗೆ ಕುಂಟುತ್ತಾ ಹೊರಟಳು.