ಜಹ್ರಾದ ಮನೆಯ ಗೋಡೆಚಿತ್ರಗಳು

ನನ್ನ ಗಂಡ ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾರೆ. ಊರಲ್ಲಿದ್ದಾಗ ಇಗರ್ಜಿಗಳ ಗೋಡೆಗೆ ಸಂತರನ್ನು ಬಿಡಿಸಿದ ಕೈ. ನಾನು ಜಹ್ರಾ ಪಟ್ಟಣದ ಕ್ಲಿನಿಕ್ಕಿನಲ್ಲಿ ನರ್ಸ್. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಬರುತ್ತಿದ್ದ ಕುವೈತಿ ಮುದುಕರೊಬ್ಬರು ಇದನ್ನು ಕೇಳಿ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು.

ದೊಡ್ಡ ಮನೆತನದವರು. ಪ್ರಾಯದಲ್ಲಿ ಹೆಂಡತಿಯೊಡನೆ ಇಟಲಿಗೆ ಹೋಗಿದ್ದಾಗ ಅರಮನೆಯೊಂದರ ಕೋಣೆ ನೋಡಿದ್ದರಂತೆ. ಐನೂರು ವರ್ಷಗಳ ಹಿಂದೆ ಅಲ್ಲಿನ ಪ್ರಭು ಚಿತ್ರಕಾರನೊಬ್ಬನನ್ನು ನೇಮಿಸಿ, ತನ್ನ ಹೆಂಡತಿ, ಮಕ್ಕಳು, ಕುದುರೆ, ನಾಯಿಗಳನ್ನೆಲ್ಲ ಗೋಡೆಗಳ ತುಂಬ ಬರೆಸಿದ್ದ. ನಮಗೂ ಇಂಥದೊಂದು ಇರಲಿ ಎಂದು ಹೆಂಡತಿ ನಕ್ಕಿದ್ದರು. ಆಕೆ ತೀರಿಕೊಂಡು ಬಹಳ ಕಾಲವಾಗಿತ್ತು. ಯುದ್ಧದಲ್ಲಿ ಹಳೆಯ ಮನೆ ಸುಟ್ಟಾಗ ಫೋಟೋಗಳೂ ಹೋಗಿದ್ದವು.

ಹಾಗಾಗಿ ಶುಕ್ರವಾರಗಳಂದು ಮುದುಕರು ನೆನಪು ಮಾಡಿಕೊಂಡು ಹೇಳುವುದು, ನಾನು ಅದನ್ನು ಕೊಂಕಣಿಗೆ ತಿರುಗಿಸುವುದು, ಇವರು ಬಿಡಿಸುವುದು. ಪಿಕಪ್ಪಿನಿಂದ ಇಳಿಯುತ್ತಿರುವ ಮದುಮಗಳು. ಅಂಗಳದಲ್ಲಿ ಹಿಟ್ಟು ನಾದುತ್ತಿರುವುದು. ಮಳೆ ಬಿದ್ದ ಮರಳಿನಲ್ಲಿ ಬಗ್ಗಿ ಅಣಬೆ ಹೆಕ್ಕುತ್ತಿರುವುದು. ಮುಖ ಮಾತ್ರ ಹತ್ತಿರ ಹತ್ತಿರ ಬಂದು ತಪ್ಪುತ್ತಿತ್ತು. ಅವಳಿಗೆ ಸಿಟ್ಟು ಜಾಸ್ತಿ, ಕಣ್ಣಲ್ಲಿ ಅದು ಬರಲಿ ಎನ್ನುತ್ತಿದ್ದರು ಮುದುಕರು. ಇವರು ಬೇಸರಿಸದೆ ಅಳಿಸಿ ಬರೆದರು. ಒಂದು ದಿನ ಮುದುಕರು ಹಸಿ ಬಣ್ಣದ ಮುಂದೆ ನಿಂತವರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು.

ಕೊನೆಯ ಗೋಡೆ ಬಾಕಿ ಇರುವಾಗ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಅವರನ್ನು ಗಾಲಿಕುರ್ಚಿಯಲ್ಲಿ ಆ ಕೋಣೆಗೆ ಕರೆತಂದಳು. ಅವರು ಸುತ್ತ ನೋಡಿ ನನ್ನ ಗಂಡನನ್ನು ಕೇಳಿದರು: "ಈ ಹೆಂಗಸು ಯಾರು?"

ಮಗಳು ಕಿಟಕಿಯ ಕಡೆ ತಿರುಗಿಕೊಂಡಳು. ನನ್ನ ಗಂಡನದು ಯಲ್ಲಾ, ಖಲಾಸ್ ಎನ್ನುವಷ್ಟೇ ವರ್ಕ್‌ಶಾಪಿನ ಅರಬಿ.

"ನಾನೇ ಹೇಳ್ತೇನೆ, ತಪ್ಪಿದ್ರೆ ನೀನು ಸರಿ ಮಾಡು," ಎಂದು ನನಗೆ ಹೇಳಿ ಕುರ್ಚಿಯ ಪಕ್ಕ ನೆಲದಲ್ಲಿ ಕೂತರು. ಮುದುಕರು ನಮಗೆ ಹೇಳಿದ್ದ ಕತೆಗಳನ್ನು ಒಂದೊಂದೇ ಚಿತ್ರ ತೋರಿಸುತ್ತ ಅವರಿಗೇ ಹೇಳಿದರು. ಅವರು ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸಿಕೊಂಡರು.

"ಒಳ್ಳೆಯವಳು," ಎಂದರು ಕೊನೆಗೆ. "ಇವಳ ಗಂಡ ಎಲ್ಲಿದ್ದಾನೆ?"

"ಇಲ್ಲೇ ಇದ್ದಾರೆ ಬಾಬಾ," ಎಂದರು ಇವರು. ಮುದುಕರು ಬಾಗಿಲಿನತ್ತ ನೋಡಿದರು.

ಆ ಬೇಸಿಗೆಯಲ್ಲಿ ಅವರು ತೀರಿಹೋದರು. ಗಂಡುಮಕ್ಕಳು ಜಾಗ ಪಾಲು ಮಾಡಿಕೊಂಡು ಹೊಸ ಮನೆಗಳನ್ನು ಕಟ್ಟಿಸಲು ಆ ಮನೆಯನ್ನು ಕೆಡವುವುದೆಂದು ನಿಶ್ಚಯವಾಯಿತು. ನಾವು ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಿದ್ದಾಗ ಇವರಿಗೆ ಮುದುಕರ ಮಗಳ ಫೋನು ಬಂತು. ಅಮ್ಮನ ಒಂದು ಚಿತ್ರವನ್ನಾದರೂ ಗೋಡೆಯಿಂದ ಬಿಡಿಸಿ ತೆಗೆಯಲು ಬರುತ್ತದೆಯೇ ಎಂದು ಕೇಳಿದಳು. ಗಾರೆಯ ಮೇಲೆ ನೇರ ಬರೆದದ್ದು, ತೆಗೆದರೆ ಪುಡಿಯಾಗುತ್ತದೆ ಎಂದು ಇವರು ತಮ್ಮ ಮುರುಕು ಅರಬಿಯಲ್ಲಿ ಹೇಳಿದರು. ಆಕೆ ಫೋನು ಇಡಲಿಲ್ಲ. ಇವರು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದರು.