ಕೆಂದಿಯ ಕರು, ನನ್ನ ವ್ಯಾನಿಟಿ ಬ್ಯಾಗು

ಮುನಿರತ್ನ, ಆ ಕರುವನ್ನು ನಾಯಿ ಎಳೆದುಕೊಂಡು ಹೋಗಲಿಲ್ಲ. ಕದ್ದವಳು ನಾನು. ಅದರ ತೊಗಲಿನಿಂದ ನನಗೊಂದು ವ್ಯಾನಿಟಿ ಬ್ಯಾಗು ಹೊಲಿದುಕೊಂಡೆ, ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕೆ.

ನೀನು ನನ್ನ ಮೈದುನನ ಕೈಹಿಡಿದು ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಬಂದ ವರ್ಷ ಅದು. ಹಿರಿಸೊಸೆ ನಾನು, ಹೊಲಿಗೆ ಮಿಷನ್ ಮುಂದೆ ಕೂತು ಊರವರ ರವಿಕೆ ಹೊಲಿಯುವವಳು. ಕೊಟ್ಟಿಗೆ ಕೆಲಸ ನಿನ್ನ ಪಾಲಿಗೆ ಬಂತು. ಕೆಂದಿ ಹಸು ಈದ ಸ್ವಲ್ಪ ದಿನಕ್ಕೇ ಅದರ ಕರು ಸತ್ತಿತು. ಕರು ಕಾಣದಿದ್ದರೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೇ ಮಾವ ಎಲ್ಲರ ಮನೆಯಲ್ಲಿ ಮಾಡುವಂತೆ ಅದರ ತೊಗಲು ಸುಲಿಸಿ, ಉಪ್ಪು ಸವರಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿದರು. ನೀನು ದಿನಾ ಆ ಹುಲ್ಲಿನ ಕರುವನ್ನು ಕೆಂದಿಯ ಮುಂದೆ ನಿಲ್ಲಿಸುತ್ತಿದ್ದೆ. ಅದನ್ನು ನೆಕ್ಕುತ್ತ ನೆಕ್ಕುತ್ತ ಕೆಂದಿ ಸೊರೆ ಬಿಡುತ್ತಿತ್ತು, ಕೆಚ್ಚಲಿಗೆ ಹಾಲು ಇಳಿಯುತ್ತಿತ್ತು. ಹೊಸ ಸೊಸೆಯ ಕೈಗುಣ ಒಳ್ಳೆಯದು ಎಂದು ಎಲ್ಲರೂ ಹೊಗಳುತ್ತಿದ್ದರು.

ನಿನ್ನ ಭಾವ ಆಗ ಊರಿಗಾಂನಲ್ಲಿ ಚಿನ್ನದ ಗಣಿ ಆಫೀಸಿನ ಗುಮಾಸ್ತರು. ಅಲ್ಲಿನ ಒಂದು ಸಮಾರಂಭಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಫೀಸರರೊಬ್ಬರ ಹೆಂಡತಿಯ ತೋಳಿನಲ್ಲಿ ಫಾರಿನ್ ಬ್ಯಾಗು — ಅರ್ಧಚಂದ್ರದ ಆಕಾರ, ಮೇಲೊಂದು ಮುಚ್ಚಳ, ಹಿತ್ತಾಳೆಯ ಕೊಂಡಿ. ನನ್ನ ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ. "ಮುಟ್ಟಿ ನೋಡಿ, ಕರುವಿನ ಚರ್ಮ" ಎಂದರು ಆಕೆ. ಮುಟ್ಟಿದೆ. ಕರು ಎಂಬ ಮಾತಿಗೆ ನನಗೆ ಹೇಸಿಗೆ ಹುಟ್ಟಬೇಕಿತ್ತು. ಹುಟ್ಟಿದ್ದು ಆಸೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಜಾತಿ ನಾನು. ಆ ಆಫೀಸರರ ಮಗಳ ಮದುವೆಯೂ ಹತ್ತಿರದಲ್ಲೇ ಇತ್ತು...

ನೀವೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದ ಮಧ್ಯಾಹ್ನ ಕೊಟ್ಟಿಗೆಗೆ ಹೋದೆ. ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಕರುವಿನ ಹೊಟ್ಟೆಯಿಂದ ತೆಗೆದ ಹುಲ್ಲನ್ನು ಎಲ್ಲಿ ಬಚ್ಚಿಡಲಿ? ಕೆಂದಿಯ ಮುಂದೆಯೇ ಹಾಕಿದೆ. ಉಪ್ಪಿನ ರುಚಿಗೋ ಏನೋ, ತಿಂದುಬಿಟ್ಟಿತು. ನಾನು ನಿಂತು ನೋಡಿದೆ. ತೊಗಲನ್ನು ವೈರ್ ಬುಟ್ಟಿಯೊಳಗೆ ಮಡಿಸಿ, ಮೇಲೆ ಸೊಪ್ಪು ಮುಚ್ಚಿ, ತಲೆಗೆ ಸೆರಗು ಎಳೆದುಕೊಂಡು ಬಂಗಾರಪೇಟೆಯಾಚೆ ಚರ್ಮ ಹದ ಮಾಡುವವರ ಮನೆಗೆ ಕೊಟ್ಟು ಬಂದೆ. ಬೇಗ ಬೇಕು ಎಂದು ಅವಸರ ಮಾಡಿದ್ದೂ ನಾನೇ.

ಸಂಜೆ ನೀನು ಹುಡುಕಿದೆ. ಅತ್ತೆಯೂ ಬಂದರು. ಯಾರೂ ನನ್ನನ್ನು ಕೇಳಿರಲಿಲ್ಲ, ಮುನಿರತ್ನ. ನಾನಾಗಿಯೇ ಬಾಯಿಬಿಟ್ಟೆ.

"ನಾಯಿ ಎಳ್ಕೊಂಡೋಗಿರ್ಬೇಕು ಅತ್ತೆ. ರತ್ನ ಕೊಟ್ಗೆ ಬಾಗ್ಲು ಆಕ್ದೇನೇ ಓದ್ಳು. ನಾನೇ ಕಣ್ಣಾರೆ ನೋಡ್ದೆ."

ನೀನು ನನ್ನ ಮುಖ ನೋಡಿದೆ. "ಆಕಿದ್ನಲ್ಲಕ್ಕಾ..." ಎಂದೆ. ಆಮೇಲೆ ಮೆಲ್ಲಗೆ, "ಮರ್ತಿದ್ನೋ ಏನೋ." ನಿನ್ನ ನೆನಪಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದೆ.

ಕೆಂದಿ ಕೂಗಿತು, ಒದೆಯಿತು, ಕೊನೆಗೆ ಕೆಚ್ಚಲು ಬತ್ತಿತು. ಅತ್ತೆ ಬೀದಿಯಲ್ಲಿ ನಿಂತು ಹೇಳಿದರು: "ಕೈಗುಣ ನೆಟ್ಗಿದ್ದಿದ್ರೆ ಇಂಗಾಗ್ತಿತ್ತಾ? ಇವ್ಳು ಮುಟ್ಟಿದ್ದೆಲ್ಲಾ ಬತ್ತೋಯ್ತದೆ." ಅಂದಿನಿಂದ ನೀನು ಹಾಲಿನ ಪಾತ್ರೆ ಮುಟ್ಟುವಂತಿಲ್ಲ, ಬಿತ್ತನೆ ಬೀಜ ಮುಟ್ಟುವಂತಿಲ್ಲ, ಬಾಣಂತಿಗೆ ಆರತಿ ಎತ್ತುವಂತಿಲ್ಲ. ಎಷ್ಟೋ ವರ್ಷದ ಮೇಲೆ ಅತ್ತೆ ತೀರಿಹೋದರು, ಅವರ ಮಾತು ಮಾತ್ರ ಹೋಗಲಿಲ್ಲ.

ಆ ದಿನಗಳಲ್ಲಿ ನಾನಾದರೋ ಹದವಾಗಿ ಬಂದ ತೊಗಲನ್ನು ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೆ. ಪೇಪರ್ ಕತ್ತರಿಸಿ ಅಳತೆ ಮಾಡಿದೆ. ಮಿಷನ್ ಸೂಜಿ ಮುರಿಯಿತು. ದಬ್ಬಳದಿಂದ ತೂತು ಹಾಕಿ, ದಾರಕ್ಕೆ ಮೇಣ ಸವರಿ ಕೈಯಲ್ಲೇ ಹೊಲಿದೆ. ಕರುವಿನ ಬೆನ್ನು ಬ್ಯಾಗಿನ ಮೈಯಾಯಿತು, ಕುತ್ತಿಗೆ ಮುಚ್ಚಳವಾಯಿತು. ಮೇಲೆ ಕಪ್ಪು ಬಣ್ಣ. ಹೊರಗೆ ಅತ್ತೆ ನಿನ್ನನ್ನು ಬೈಯುವುದು ಕೇಳುತ್ತಿತ್ತು, ನಾನು ನನ್ನ ಹೊಲಿಗೆ ಎಷ್ಟು ನೇರವಾಗಿದೆ ಎಂದು ಹಿಗ್ಗುತ್ತಿದ್ದೆ. ನೀನು ಬಾಗಿಲ ಬಳಿ ಮುದ್ದೆ ತಂದಿಟ್ಟು "ಉಣ್ಣಕ್ಕಾ, ಆರೋಯ್ತದೆ" ಅನ್ನುತ್ತಿದ್ದೆ.

ಇದಕ್ಕಿಂತ ಹೊಲಸಾದದ್ದು ಇನ್ನೊಂದಿದೆ. ಬ್ಯಾಗು ಮುಗಿದ ದಿನ ನನಗೆ ಭಯವಾಯಿತು — ಕೆಂದಿ ವಾಸನೆ ಹಿಡಿದು ಎಲ್ಲರೆದುರು ಕೂಗಿಬಿಟ್ಟರೆ? ಯಾರೂ ಇಲ್ಲದಾಗ ಬ್ಯಾಗನ್ನು ಅದರ ಮೂಗಿಗೆ ಹಿಡಿದೆ. ಒಮ್ಮೆ ಮೂಸಿತು. ಮುಖ ತಿರುಗಿಸಿತು. ಸದ್ಯ, ಬದುಕಿದೆ ಎಂದುಕೊಂಡೆ. ತಾಯಿ ತನ್ನ ಕರುವನ್ನು ಗುರುತಿಸಲಿಲ್ಲವೆಂದು ನಾನು ಸಂತೋಷಪಟ್ಟೆ, ಮುನಿರತ್ನ.

ಮದುವೆಯಲ್ಲಿ ಎಲ್ಲರೂ ಹೊಗಳಿದರು. ಬೊಂಬಾಯಿಯದು ಎಂದೆ. ಮನೆಯಲ್ಲಿ, ಆಫೀಸರರ ಹೆಂಡತಿ ಕೊಟ್ಟರು ಎಂದೆ. ಮೊದಲ ಮಳೆಗಾಲಕ್ಕೇ ಅದಕ್ಕೆ ಬೂಷ್ಟು ಹಿಡಿಯಿತು, ನಾರತೊಡಗಿತು. ಕಸ ಗುಡಿಸುತ್ತಿದ್ದ ನೀನೇ ಕರೆದು ಹೇಳಿದೆ: "ಟ್ರಂಕ್ ತಾವ ಏನೋ ಸತ್ತಂಗೆ ವಾಸ್ನೆ ಬತ್ತೈತಕ್ಕಾ, ತೊಳೀಲಾ?" ಅದನ್ನು ತಿಪ್ಪೆಗುಂಡಿಯಲ್ಲಿ ಹೂತೆ. ನಾತ ಹೋಯಿತು ಎಂದು ಕೈ ತೊಳೆದುಕೊಂಡೆ. ಹೋಗಿದ್ದು ಬ್ಯಾಗಿನ ನಾತ ಮಾತ್ರ.

ಮೊನ್ನೆ ನನ್ನ ಮಗಳ ಕೂಸನ್ನು ನಿನ್ನ ಕಡೆ ಚಾಚಿದೆ. ನೀನು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. "ಬ್ಯಾಡಕ್ಕಾ. ನನ್ ಕೈ ಒಳ್ಳೇದಲ್ಲ. ಮೊದ್ಲೇ ಎಳೇ ಕೂಸು" ಎಂದು ನಕ್ಕೆ. ನೀನೂ ಅದನ್ನು ನಂಬಿಬಿಟ್ಟಿದ್ದೀಯ. ನಾನು ಹೇಳಿದ ಒಂದು ಸುಳ್ಳನ್ನು ನೀನು ನಿನ್ನ ಕೈಗುಣವೆಂದೇ ತಿಳಿದು ಬದುಕಿದ್ದೀಯ.

ಕೂಸಿನ ನಾಮಕರಣದ ದಿನ ನೆಂಟರೆಲ್ಲ ಸೇರುತ್ತಾರೆ. ಮೂಲೆಗೆ ಕರೆದು ಪಿಸುಗುಟ್ಟಿ ಕ್ಷಮೆ ಕೇಳುವುದಿಲ್ಲ. ಅತ್ತೆ ನಿನ್ನನ್ನು ಬೈದದ್ದು ಬೀದಿಯಲ್ಲಿ. ಎಲ್ಲರ ನಡುವೆ ನಿಂತು ಕರುವಿನ ವಿಷಯ, ಬಾಗಿಲಿನ ವಿಷಯ, ಎಲ್ಲ ಹೇಳುತ್ತೇನೆ. ಆಮೇಲೆ ಕೂಸನ್ನು ನಿನ್ನ ಕೈಗೆ ನನ್ನ ಮಗಳು ಕೊಡಲಿ, ನಾನು ಕೊಡುವಂಥವಳಲ್ಲ. ನೀನು ನನ್ನ ಮುಖಕ್ಕೆ ಉಗಿದರೆ ಒರೆಸಿಕೊಳ್ಳುವುದಿಲ್ಲ.