ಇಂದ್ರಾಬಾಯಿಯ ಒಲೆಯೂ ನನ್ನ ಇಂಗ್ಲಿಷೂ

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಇಂದ್ರಾಬಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಟ್ಯೂಷನ್ ಮಾಸ್ತರನಾದ ನಾನು ಊಟಕ್ಕೆ ಕೂತು ಗಟ್ಟಿಯಾಗಿ ಓದಿಕೊಳ್ಳುವ ಪ್ರತಿ ಇಂಗ್ಲಿಷ್ ಶಬ್ದವೂ ಆಕೆಯ ಒಲೆಯ ಮುಂದೆ ಪರೀಕ್ಷೆಗೆ ನಿಲ್ಲಬೇಕು. ‘ಫೈರ್’ ಎಂಬುದಕ್ಕೆ ಹತ್ತಾರು ಸಮಾನಾರ್ಥಕ ಶಬ್ದಗಳಿವೆ ಎಂದರೆ ಆಕೆಗೆ ಸಿಟ್ಟು: “ಎಲ್ಲಾ ಒಂದ ಹೆಂಗ ಅಕ್ಕಾವ್ರಿ ಮಾಸ್ತರ್ರ? ಒಂದೊಂದರ ಮ್ಯಾಲೆ ರೊಟ್ಟಿ ಬೇಸಿ ನೋಡ್ರಿ!” ಫ್ಲೇಮ್ ಎಂದರೆ ಜ್ವಾಲೆ ಎಂದೆ, “ಅದು ಹಂಚು ಕಾಯೋತನಕ ಸಾಕು” ಎಂದಳು. ಬ್ಲೇಜ್ ಎಂದರೆ ಧಗಧಗ ಉರಿ ಎಂದೆ. “ಅದು ಬ್ಯಾಡ ತಗೀರಿ, ರೊಟ್ಟಿ ಹೊತ್ತತಾವ” ಎಂದು ಆ ಶಬ್ದವನ್ನು ಇಂಗ್ಲಿಷಿನಿಂದಲೇ ತೆಗೆದುಹಾಕಿದಳು. ಎಂಬರ್ ಎಂದರೆ ಕೆಂಡ ಎಂದಾಗ ಮಾತ್ರ ಖುಷಿಯಾಗಿ, ಬದನೆಕಾಯಿ ಸುಡಲು ಅದೇ ಸರಿಯೆಂದು, ನನ್ನ ತಾಟು ತಡವಿ ಇನ್ನೊಂದು ರೊಟ್ಟಿ ಹಾಕಿದಳು. ಒಲೆಗೆ ಕೆನ್ನೆ ಕೊಟ್ಟೇ ಕೂರುವ ಆಕೆಯ ಕೈಯಲ್ಲಿ ಒಂದು ರೊಟ್ಟಿಯೂ ಸೀದದ್ದನ್ನು ನಾನು ಕಂಡಿಲ್ಲ. ಮೊನ್ನೆ ‘ಗ್ಲೋ’ ಎಂದು ಓದಿ, ಕೆಂಡದ ಹೊಳಪು ಎಂದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಅದು ಹೆಂಗ ಕಾಣತೈತಿ, ಸ್ವಲ್ಪ ನೋಡಿ ಹೇಳ್ರಿ,” ಎಂದಳು ದನಿ ತಗ್ಗಿಸಿ. “ಎರಡು ವರ್ಷಾತು, ಕಣ್ಣಾಗ ಬರೇ ಮಬ್ಬು ಐತಿ. ಕಾವು ಕೆನ್ನಿಗಿ ಗೊತ್ತಾಗತೈತಿ, ಹೊಳಪು ಗೊತ್ತಾಗಂಗಿಲ್ಲ. ಗಿರಾಕಿಗೋಳ ಮುಂದ ಅನಬ್ಯಾಡ್ರಿ.” ಹನ್ನೆರಡು ವರ್ಷದಿಂದ ಆ ಶಬ್ದವನ್ನು ಕಲಿಸುತ್ತಿರುವ ನಾನು ತಾಟು ಬದಿಗಿಟ್ಟು, ಮೊದಲ ಸಲ ಒಲೆಯೊಳಗೆ ಬಗ್ಗಿ ನೋಡಿದೆ.